ಘಮೇಲಾಕ್ಕೂ ಹಸಿರು ದೀಪ!

ಗಾರೆ ಹೊರುವ ಹಳದಿ ಬುಟ್ಟಿ, ಘಮೇಲಾವನ್ನು ತಲೆಯ ಮೇಲೆ ಬೋರಲು ಹಾಕಿಕೊಂಡ ಹೆಂಗಸೊಬ್ಬರು ಕ್ಯಾಮೆರಾದ ಮುಂದೆ ನಿಂತರು. ಹಸಿರು ದೀಪ ಹತ್ತಿತು. ಗೇಟು ತೆರೆದುಕೊಂಡಿತು.

ಸಾನಪಾಡಾದಲ್ಲಿ ಕಟ್ಟಡವೊಂದರ ಕೆಲಸ ನಡೆಯುವ ಜಾಗದ ಆ ಗೇಟು ಹೆಲ್ಮೆಟ್ ಹಾಕಿದವರಿಗೆ ಮಾತ್ರ ತೆರೆಯಬೇಕು. ಅದನ್ನು ನಿರ್ಧರಿಸುವುದು ನಮ್ಮ ಕಂಪನಿಯ ಎಐ. ಜೀವದ ಪ್ರಶ್ನೆಯಿರುವ ಇಂಥ ಎಐಯನ್ನು ಯುರೋಪಿಗೆ ಮಾರಬೇಕಾದರೆ ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ತಪ್ಪುತ್ತದೆ ಎಂದು ಅಲ್ಲಿನ ಕಾನೂನಿಗೆ ತಕ್ಕಂತೆ ದಪ್ಪ ಫೈಲ್ ಸಿದ್ಧಪಡಿಸಬೇಕು. ಅದನ್ನು ಬರೆಯುವವಳು ನಾನು. ‘ಗೊತ್ತಿರುವ ತಪ್ಪುಗಳು’ ಎಂಬಲ್ಲಿ ‘ಪರೀಕ್ಷೆಯಲ್ಲಿ ಯಾವುದೂ ಕಂಡಿಲ್ಲ’ ಎಂದು ಹೆಮ್ಮೆಯಿಂದ ಬರೆದು, ಕೊನೆಯ ಫೋಟೊಗಳಿಗಾಗಿ ಡೊಂಬಿವಲಿಯಿಂದ ಬಂದಿದ್ದೆ. ಫೈಲ್ ಅಂದೇ ಸಂಜೆ ಹೋಗಬೇಕಿತ್ತು.

ಆ ಹೆಂಗಸು ಜೊತೆಯವರನ್ನು ಮರಾಠಿಯಲ್ಲಲ್ಲ, ಕನ್ನಡದಲ್ಲಿ ಕರೆದದ್ದು ಕೇಳಿ ಓಡಿದೆ. “ಅಕ್ಕಾ, ಇನ್ನೊಂದ್ಸಲ ಮಾಡಿ ತೋರಿಸ್ತೀರಾ?”

ಕಲಬುರಗಿಯ ಮಲ್ಲಮ್ಮ ನಕ್ಕರು. “ಬಿಸಲಾಗ ದಿನಾ ಹಿಂಗೇ ಬರ್ತೀವ್ರಿ ಮೇಡಮ್. ಮಷೀನ್ ಇದಕ್ಕೇ ಒಪ್ತದ. ಅದು ಒಪ್ಪಿದ ಮ್ಯಾಲ ನಮಗ ಹೆಲ್ಮೆಟ್ ಯಾರ್ ಕೊಡ್ತಾರ?”

ಐದು ಸಲ ಮಾಡಿಸಿ ವಿಡಿಯೊ ತೆಗೆದೆ. ಐದು ಸಲವೂ ಹಸಿರು! ಟೋಪಿ, ಮುಂಡಾಸು, ದುಪಟ್ಟಾ ಎಲ್ಲವನ್ನೂ ಪರೀಕ್ಷಿಸಿದ್ದ ನಮಗೆ ಇದೊಂದು ಹೊಳೆದೇ ಇರಲಿಲ್ಲ. ನಿಧಿ ಸಿಕ್ಕವಳಂತೆ ಬಾಸ್‌ಗೆ ಫೋನ್ ಮಾಡಿ ಕೂಗಿದೆ: “ಸರ್, ಫೈಲ್ ಕಳಿಸ್ಬೇಡಿ, ತಪ್ಪು ಸಿಕ್ತು!”

ಫೈಲ್ ತಡವಾಗಿ ಹೋಯಿತು; ಗೊತ್ತಿರುವ ತಪ್ಪುಗಳಿಗೇ ಈಗ ಅದರಲ್ಲಿ ಎರಡು ಪುಟ. ಘಮೇಲಾಕ್ಕೆ ಗೇಟು ತೆರೆಯದಂತೆ ಎಐಯನ್ನು ತಿದ್ದಿದ ಮೇಲೆ ಮೊನ್ನೆ ಸಾನಪಾಡಾಕ್ಕೆ ಹೋದಾಗ ಮಲ್ಲಮ್ಮ ದೂರದಿಂದಲೇ ಕೈಬೀಸಿದರು. ಘಮೇಲಾ ಕಂಕುಳಲ್ಲಿತ್ತು, ತಲೆಯ ಮೇಲೆ ನಿಜವಾದ ಹೆಲ್ಮೆಟ್.