ಓಲೆ ಬಿಚ್ಚಿ ಅಖಾಡಕ್ಕಿಳಿದರು

“ಅಕ್ಕಾ, ಸೆರಗು ಹೊದ್ಕೊಂಡ್ರೆ ಗೊತ್ತಾಗಲ್ವಾ? ಅದು ಪೈಲ್ವಾನ್ ಕಿವಿ ಕಣಮ್ಮಾ! ಬನ್ನಿ ಅಖಾಡಕ್ಕೆ!”

ರಾಮಣ್ಣನವರು ಮೈಕಿನಲ್ಲಿ ಹೀಗೆ ಕೂಗಿದಾಗ ಬಾಗಲಗುಂಟೆಯ ಮೈದಾನವೆಲ್ಲ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸಿನತ್ತ ತಿರುಗಿತು. ವರ್ಷಗಟ್ಟಲೆ ಕುಸ್ತಿಯಾಡಿದವರಂತೆ ಅವರ ಕಿವಿಗಳು ಊದಿ ಗಂಟುಕಟ್ಟಿದ್ದವು.

ರಾಮಣ್ಣನವರೂ ಹೆಸರಾದ ಪೈಲ್ವಾನರೇ. ಮೊಣಕಾಲು ಕೈಕೊಟ್ಟ ಮೇಲೆ ಕುಸ್ತಿ ಬಿಟ್ಟು, ಪಂದ್ಯ ಏರ್ಪಡಿಸಲು ತೊಡಗಿದವರು. ಅಂದು ಮೊದಲ ಬಾರಿಗೆ ಹೆಣ್ಣುಮಕ್ಕಳ ಜೋಡಿ ಕಟ್ಟಿದ್ದರು. ಊರ ಹಿರಿಯರು ಅರೆಮನಸ್ಸಿನಿಂದಲೇ ಒಪ್ಪಿದ್ದರು. ಜೋಡಿಯಲ್ಲಿ ಒಬ್ಬಳು ಬರಲೇ ಇಲ್ಲ. ಇನ್ನೊಬ್ಬಳು ಕೆಮ್ಮಣ್ಣಿನ ನಡುವೆ ಒಂಟಿಯಾಗಿ ನಿಂತಿದ್ದಳು. ಆ ಪಂದ್ಯ ನಿಂತಿದ್ದರೆ ಹೆಣ್ಣುಮಕ್ಕಳಿಗೆ ಅಲ್ಲಿ ಇನ್ನೊಂದು ಅವಕಾಶ ಸಿಗುತ್ತಿರಲಿಲ್ಲ.

ಆ ಹೆಂಗಸು ಧಾರವಾಡದ ಕಡೆಯವರು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. “ಲಗ್ನ ಆದಮ್ಯಾಲೆ ಮಣ್ಣ ಮುಟ್ಟಿಲ್ರೀ” ಎನ್ನುತ್ತಲೇ ಎದ್ದರು. ಕಿವಿಯ ಓಲೆ ಬಿಚ್ಚಿ, “ಹಿಡೀರಿ ಅಜ್ಜಾರ, ಜ್ವಾಕಿ” ಎಂದು ನನ್ನ ಅಂಗೈಗೆ ಹಾಕಿದರು.

ರಾಮಣ್ಣನವರು ತರಿಸಿಕೊಟ್ಟ ಕುಸ್ತಿಯ ಬಟ್ಟೆ ತೊಟ್ಟು ಬಂದು, ಮಣ್ಣು ಮುಟ್ಟಿ ಹಣೆಗಿಟ್ಟುಕೊಂಡರು. ಹುಡುಗಿಯೂ ಸುಲಭಕ್ಕೆ ಸೋಲಲಿಲ್ಲ. ಕೊನೆಗೆ ಅವಳ ಬೆನ್ನು ನೆಲಕ್ಕೆ ತಾಗಿದಾಗ ಮೂಗು ಮುರಿದಿದ್ದ ಹಿರಿಯರೇ ಮೊದಲು ಎದ್ದು ಶಿಳ್ಳೆ ಹೊಡೆದರು. ರಾಮಣ್ಣನವರು ಮೈಕು ಮರೆತು ಬರಿ ಗಂಟಲಲ್ಲೇ, “ನೋಡ್ರಪ್ಪಾ! ಇನ್ಮೇಲೆ ಬೇಡ ಅನ್ನಿ ನೋಡೋಣ!” ಎಂದು ಕೂಗುತ್ತಿದ್ದರು.

ಈಗ ಅದೇ ಹೆಂಗಸು ರಾಮಣ್ಣನವರ ಗರಡಿಯಲ್ಲಿ ಹುಡುಗಿಯರಿಗೆ ಕುಸ್ತಿ ಕಲಿಸುತ್ತಾರೆ. ಭಾನುವಾರ ಬೆಳಗ್ಗೆ ಸರಿಯಾಗಿ ಆರಕ್ಕೆ ಮೊಮ್ಮಗಳನ್ನು ಕರೆದೊಯ್ಯುತ್ತೇನೆ. ಬಾಗಿಲಲ್ಲೇ ಅವಳು ಓಲೆ ಬಿಚ್ಚಿ ನನ್ನ ಅಂಗೈಗೆ ಹಾಕಿ ಒಳಗೆ ಓಡುತ್ತಾಳೆ.