ಸಾಹಿತಿಗಳ ಮಂಚದ ಮೇಲಿನ ಕೌದಿ

ಗೌರಿ, ಶಿವು, ಹಳೆಯ ಮನೆ ನೋಡಲು ಹೋದಾಗ ನಾನು ಮೊದಲು ನೋಡುವುದು ಅಡುಗೆಮನೆಯ ಗೋಡೆಯನ್ನು. ಮಸಿ ಇಲ್ಲದಿದ್ದರೆ ಆ ಮನೆಯನ್ನು ನಂಬುವುದಿಲ್ಲ. ಹಳ್ಳಿಯ ಸಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಕಲಿತವಳಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಗೊತ್ತಿಲ್ಲ.

ಹೋದ ರವಿವಾರ ನಿಮ್ಮವ್ವ ಸುಮಂಗಲಾ, "ಅತ್ತಿ, ಧಾರವಾಡಕ್ಕ ಹೋಗೂಣು ಬರ್ರಿ. ತೀರಿಹೋದ ಆ ಸಾಹಿತಿಗಳ ಮನಿ ಸ್ಮಾರಕ ಮಾಡ್ಯಾರ, ನೋಡಿದಂಗ ಆಕ್ಕೈತಿ" ಎಂದಳು. ನನಗೆ ಸಂಶಯ ಬಂತು. ನಾಲ್ಕು ವರ್ಷಗಳಿಂದ ನಮ್ಮಿಬ್ಬರ ನಡುವೆ ಅಗತ್ಯಕ್ಕೆ ತಕ್ಕಷ್ಟೇ ಮಾತು.

ನಿಮ್ಮ ಅಜ್ಜ ತೀರಿದ ಮೇಲೆ ಅವರ ಅಂಗಿಗಳನ್ನು ಕತ್ತರಿಸಿ ಹೊದೆಯಲು ಒಂದು ಕೌದಿ ಹೊಲಿದಿದ್ದೆ. ನೀಲಿ ಗೀಟಿನ ಒಂದು ಅಂಗಿಯ ಕಿಸೆಯನ್ನು ಕೀಳದೆ ಹಾಗೇ ಬಿಟ್ಟಿದ್ದೆ. ಶಿವು, ಅದರಲ್ಲಿ ನೀನು ಹುಣಸೆಬೀಜ ತುಂಬುತ್ತಿದ್ದೆ. ನಾಲ್ಕು ವರ್ಷದ ಹಿಂದೆ ರಾಯಾಪುರದ ಮನೆ ಬಿಟ್ಟು ಹೊಸ ಮನೆಗೆ ಬಂದಾಗ ಕೌದಿ ಕಾಣಲಿಲ್ಲ. ಅದೇ ವಾರ ಅಡುಗೆಮನೆಯಲ್ಲಿ ಒಂದು ಹೊಸ ಸ್ಟೀಲ್ ಡಬ್ಬಿ ಕಾಣಿಸಿತು. ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ನಮ್ಮ ಓಣಿಗೂ ಬರುತ್ತಾಳೆ. ಎರಡನ್ನೂ ಕೂಡಿಸಲು ಐದನೆಯ ಇಯತ್ತೆ ಸಾಕು. ಕೇಳಲು ಮಾತ್ರ ಬಾಯಿ ಬರಲಿಲ್ಲ. ಅಂದಿನಿಂದ ಆ ಡಬ್ಬಿಯೊಳಗಿನ ಶೇಂಗಾ ಉಂಡಿ ಮುಟ್ಟಲಿಲ್ಲ. ಹಲ್ಲುನೋವು ಎಂದು ಸುಳ್ಳು ಹೇಳಿ ಹೇಳಿ, ಎರಡು ಸಲ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಕೂರಬೇಕಾಯಿತು.

ಸಾಹಿತಿಗಳ ಮನೆಯಲ್ಲಿ ಮಸಿ ಇರಲಿಲ್ಲ. ಸುಣ್ಣ ಹೊಸದು. ಅಷ್ಟು ಪುಸ್ತಕ ಬರೆದವರ ಮೇಜಿನ ಮೇಲೆ ಒಂದು ಶಾಯಿಯ ಕಲೆಯಾದರೂ ಬೇಡವೇ? ಕನ್ನಡಕದ ಗಾಜಿನ ಮೇಲೆ ಒಂದು ಗೀಟೂ ಇಲ್ಲ. ದೊಡ್ಡವರು ಬಹುಶಃ ಕನ್ನಡಕದ ಮೇಲೆ ಕೂರುವುದಿಲ್ಲ, ನಾನು ಕೂತಿದ್ದೇನೆ.

ಒಳಕೋಣೆಯಲ್ಲಿ, ಅಡ್ಡ ಕಟ್ಟಿದ ಹಗ್ಗದ ಆಚೆ, ಅವರ ಮಂಚ. ಅದರ ಮೇಲೊಂದು ಕೌದಿ. ಮೂಲೆಯಲ್ಲಿ ನೀಲಿ ಗೀಟಿನ ಅಂಗಿಯ ಕಿಸೆ. ಈಗ ನನ್ನ ಕಣ್ಣಿನ ಮೇಲೇ ಸಂಶಯ. ಜನರೆದುರು ಸೆರಗು ಸರಿಪಡಿಸಿಕೊಳ್ಳಲೂ ನಾಚುವ ನಾನು, ಕೈ ಚಾಚಿ ಕಿಸೆಯೊಳಗೆ ಬೆರಳಿಟ್ಟೆ. ಒಂದು ಹುಣಸೆಬೀಜ ತಾಕಿತು.

"ಮುಟ್ಟಬ್ಯಾಡ್ರಿ ಅಮ್ಮಾರ, ಹಳೇದೈತಿ" ಎಂದ ಕಾವಲುಗಾರ.

"ಎಷ್ಟು ಹಳೇದ್ರಿ?"

ಆತ ತಲೆ ಕೆರೆದುಕೊಂಡ. "ಮಂಚ ಖರೇ ಅವರದರಿ. ಅವರ ಕೌದಿ ಇಲಿ ಕಡದಿದ್ವು. ಇದು ಯಾರೋ ಕೊಟ್ಟದ್ದು."

ತಿರುಗಿ ನೋಡಿದೆ. ಸುಮಂಗಲಾ ನೆಲ ನೋಡುತ್ತಿದ್ದಳು. "ನಾನ ಕೊಟ್ಟೇನ್ರಿ ಅತ್ತಿ. ಮನ್ಯಾಗ ಹುಡುಗರು ಎಳದಾಡಿ ಹರಿಯಾಕತ್ತಿದ್ರು. ಇಲ್ಲೆ ಮಾವಾರ ಅಂಗಿ ಯಾರೂ ಮುಟ್ಟಂಗಿಲ್ಲ ಅಂತ."

"ನನಗೊಂದು ಮಾತು ಹೇಳಬಾರದೇನು?"

"ನೀವು ಕೇಳಿದಾಗ ಹೇಳೂಣು ಅಂತ ಕಾದೆ. ನೀವು ಕೇಳಲೇ ಇಲ್ಲಲ್ರಿ. ಅದಕ್ಕ ಇವತ್ತ ಕರಕೊಂಡು ಬಂದೆ."

"ಮತ್ತ ಆ ಡಬ್ಬಿ?"

"ಉಂಡಿ ಡಬ್ಬಿ? ಹೊಸ ಮನಿಗಂತ ನಮ್ಮವ್ವ ಕೊಟ್ಟದ್ದರಿ. ಯಾಕ್ರಿ?"

ಕೇಳದೆ ಕೊಟ್ಟವಳು ಅವಳು. ಕೇಳದೆ ನಾಲ್ಕು ವರ್ಷ ಉಪವಾಸದ ಶಿಕ್ಷೆ ಕೊಟ್ಟವಳು ನಾನು, ಅದೂ ನನ್ನ ಬಾಯಿಗೇ. ಮನೆಗೆ ಬಂದು ಎರಡು ಉಂಡಿ ತಿಂದೆ. "ಹಲ್ಲು?" ಎಂದಳು. "ಆರಾಮ ಆಗೈತಿ" ಎಂದೆ.

ಕೌದಿ ಅಲ್ಲೇ ಇರಲಿ. ಹತ್ತಿ ಅಂಗಡಿಯ ಚೀಟಿ ಬಿಟ್ಟು ಬೇರೇನೂ ಬರೆಯದ ನಿಮ್ಮಜ್ಜ ಈಗ ಸಾಹಿತಿಗಳ ಮಂಚದ ಮೇಲಿದ್ದಾರೆ. ಆದರೆ ಆ ಬೀಜವನ್ನು ನಾನು ತೆಗೆದಿಲ್ಲ. ನಾಳೆ ಯಾವ ಪಂಡಿತರೋ ಅದನ್ನು ಕಂಡು, ಸಾಹಿತಿಗಳು ಹುಣಸೆಬೀಜ ಕೂಡಿಡುತ್ತಿದ್ದರು ಎಂದು ಬರೆದುಬಿಟ್ಟಾರು. ಅವರಿಗೆ ತೋರಿಸಲು ನಿಮಗೆಂದು ಬರೆದ ಈ ಹಾಳೆಗಳನ್ನು ಆ ಡಬ್ಬಿಯಲ್ಲೇ ಜೋಪಾನವಾಗಿ ಇಡಿ. ಉಂಡಿಯ ಎಣ್ಣೆ ಹತ್ತಿದರೆ ಹತ್ತಲಿ; ಕಲೆ ಇಲ್ಲದ್ದನ್ನು ನಾನಾದರೂ ನಂಬುವುದಿಲ್ಲ.