ಪಂಚಮಿಗೆ ಹೋದ ಖಾಲಿ ಬಂಡಿ

ಸ್ವಾತಂತ್ರ್ಯ ಬರುವ ಹೊತ್ತಿಗೆ ಶಿರಹಟ್ಟಿ ಕಡೆಯ ಒಂದು ಸಣ್ಣ ಗಾದಿಗಾಗಿ ಒಂದೇ ಬಳಗದವರು ಬಡಿದಾಡಿ ಮುಗಿಸಿದ್ದರು. ಮುದಿ ದೊರೆಗೆ ಮಕ್ಕಳಿರಲಿಲ್ಲ. ಅವನು ಸತ್ತ ಮೇಲೆ ಅವನ ತಮ್ಮನ ಮಗ ಗೆದ್ದು ದೊರೆಯಾದ, ತಂಗಿಯ ಮಗ ಸೋತ. ಬಣವೆಗಳು ಸುಟ್ಟವು, ಊರು ಎರಡಾಯಿತು. ದೊರೆಯ ಮನೆಯಾದ ವಾಡೆಯ ಜೋಳವನ್ನು ಲಕ್ಷ್ಮೇಶ್ವರದಲ್ಲಿ ಮಾರಿಸುತ್ತಿದ್ದ ದಲ್ಲಾಳಿ ನಾನು. ಬರಿಗೈಯಲ್ಲಿ ಮೇಲೆ ಬಂದವನಿಗೆ ಯಾವ ಮಾತು ಯಾವಾಗ ಕುದುರಿಸಬೇಕೆಂಬುದು ಗೊತ್ತಿರುತ್ತದೆ.

"ದೊರಿ, ಸೋತಾಂವನ ತಂಗಿ, ನಿಮ್ಮತ್ತಿ ಮಗಳನ್ನ ಮದವಿ ಆಗ್ರಿ," ಎಂದೆ. "ಹುಟ್ಟೋ ಕೂಸಿಗೆ ಎರಡೂ ಕಡಿಯವರು ಕೈ ಮುಗೀತಾರ. ನಾಗರ ಪಂಚಮಿ ಬಂತು. ಅತ್ತೀನ್ನ ತವರಿಗೆ ಕರೀಲಿಕ್ಕೆ ನೀವ ಹೋಗ್ರಿ."

"ಗೆದ್ದಾಂವ ನಾನು. ಸೋತವರ ಬಾಗಲಕ್ಕ ನಾ ಯಾಕ ಹೋಗ್ಲಿ? ಬಂಡಿ ಕಳಸ್ತೀನಿ, ಬರ್ತಾಳ."

ಆಳಿನ ಕೈಯಲ್ಲಿ ಬಂಡಿ ಕಳಿಸಿದ. ತವರಿನ ಗಂಡಸು ಬಾರದೆ ನಮ್ಮ ಸೀಮೆಯ ಯಾವ ಹೆಣ್ಣು ಪಂಚಮಿಗೆ ಬಂಡಿ ಹತ್ತಿದ್ದಾಳೆ?

ಅತ್ತೆ ಎತ್ತುಗಳಿಗೆ ನೀರು ಕುಡಿಸಿ, ಆಳಿಗೆ ಉಂಡಿ ಕೊಟ್ಟು ಹೇಳಿದಳಂತೆ: "ಜ್ವಾಳದ ಚೀಲ ಆದ್ರ ಆಳು ಹೇರ್ಕೊಂಡು ಹೋಗ್ತಿದ್ದ. ನಾ ಆ ಮನಿ ಮಗಳಪಾ."

ಬಂಡಿ ಖಾಲಿಯೇ ತಿರುಗಿ ಬಂತು. ದಸರೆಯೊಳಗೆ ಅತ್ತೆಯ ಮಗಳನ್ನು ಮುಂಡರಗಿಗೆ ಮದುವೆ ಮಾಡಿಕೊಟ್ಟರು. ದೊರೆ ನನ್ನನ್ನು ಕರೆಸಿದ.

"ಬ್ಯಾರೆ ಹೆಣ್ಣು ನೋಡ್ರಿ."

"ಹೆಣ್ಣು ಬೇಕಾದಷ್ಟು ಅದಾವ್ರಿ. ಅರ್ಧ ಊರು ತರಾಕಿ ಒಬ್ಬಾಕಿನ ಇದ್ಲು," ಎಂದು ಸಿಟ್ಟಿನಿಂದ ಎದ್ದು ಬಂದೆ.

ಮರುವರ್ಷ ಸಂಸ್ಥಾನಗಳು ವಿಲೀನವಾದವು. ವಾಡೆಯ ವಾರಸುದಾರರು ಯಾರೆಂದು ಸರಕಾರದವರು ಚಾವಡಿಯಲ್ಲಿ ಕೇಳಿದಾಗ ಎರಡೂ ಮನೆಯವರು, ಬೇರೆ ಬೇರೆ ಮೂಲೆಯಿಂದ, ‘ನಾವ ವಾರಸುದಾರರು’ ಎಂದು ಒಟ್ಟಿಗೇ ಎದ್ದು ನಿಂತರು.